ಕಾರು ಕಡಿಮೆ, ಏರು ಜಾಸ್ತಿ: ಫ್ರಾನ್ಸಿನ ಗುಡ್ಡಗಾಡಿನಲ್ಲಿ ಸೈಕಲ್ ತುಳಿಯಲು ಯಾವ ಕಡೆ ಹೋಗೋದು?

ಮಾರ್ಚ್ ಬಂತೆಂದರೆ ಬೆಂಗಳೂರಿನ ಸೈಕಲ್ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ. "ಫ್ರಾನ್ಸಿಗೆ ಬರ್ತಿದ್ದೀವಿ. ಒಂದು ವಾರ ಸೈಕಲ್ ತುಳೀಬೇಕು. ಬೆಟ್ಟ ಇರಬೇಕು, ಟ್ರಾಫಿಕ್ ಇರಬಾರದು. ಎಲ್ಲಿಗೆ ಹೋಗೋಣ?"

ಅವರ ಮನಸ್ಸಿನಲ್ಲಿ ಇರೋದು ಸಾಮಾನ್ಯವಾಗಿ ಮಾಂ ವಾಂಟೂ, ಇಲ್ಲವೇ ಆಲ್ಪ್ ದ್ಯುಯೆಜ್. ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡಿ ಬೆಳೆದವರಿಗೆ ಅದು ಸಹಜ. ಒಮ್ಮೆ ಹತ್ತಿ ಬನ್ನಿ, ಬೇಡ ಅನ್ನಲ್ಲ. ಆದರೆ ಬೇಸಿಗೆಯಲ್ಲಿ ಆ ಏರುಗಳ ಮೇಲೆ ಕಾರು, ಬೈಕು, ಕ್ಯಾಂಪರ್ ವ್ಯಾನು, ನೂರಾರು ಸೈಕಲ್ಲು ಸಾಲುಗಟ್ಟಿರುತ್ತವೆ. ಸದ್ದಿಲ್ಲದ ರಸ್ತೆ ಬೇಕು ಅನ್ನೋರು ಬೇರೆ ಕಡೆ ಹೋಗಬೇಕು.

ತುಲೂಸಿನಲ್ಲಿ ಕೆಲಸಕ್ಕಿದ್ದ ಆರು ವರ್ಷದಲ್ಲಿ ಸಿಕ್ಕ ರಜೆಯನ್ನೆಲ್ಲ ನಾನು ಇಂಥ ರಸ್ತೆಗಳಲ್ಲೇ ಕಳೆದೆ. ಅಲ್ಲಿ ಕಲಿತದ್ದು ಒಂದು. ರಸ್ತೆಯಲ್ಲಿ ಕಾರು ಇಲ್ಲ ಅಂದರೆ ಅಲ್ಲಿ ಜನ ಇಲ್ಲ ಅಂತ ಅರ್ಥ. ಜನ ಇಲ್ಲದ ಕಡೆ ಬೇಕರಿ ಇರಲ್ಲ, ನಲ್ಲಿ ಇರಲ್ಲ, ರೈಲೂ ಇರಲ್ಲ. ಹಾಗಾಗಿ ಪ್ರತಿ ಜಾಗದಲ್ಲೂ ಆ ನೆಮ್ಮದಿಗೆ ಒಂದು ಬೆಲೆ ತೆರಬೇಕು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮಳೆ, ಮತ್ತೊಂದು ಕಡೆ ಹಸಿವು. ನೀವು ಯಾವುದನ್ನು ತಡೆದುಕೊಳ್ಳಬಲ್ಲಿರಿ ಅನ್ನೋದರ ಮೇಲೆ ಜಾಗ ಆರಿಸಿ. ನಾನು ಹೋಲಿಸುವುದು ನಾಲ್ಕು ಕಡೆಗಳನ್ನು: ಕೆರ್ಸಿ, ವೆರ್ಕೋರ್, ಸೆವೆನ್, ಮೋರ್ವಾಂ.

ಮೊದಲು ರಸ್ತೆ ಗುರುತಿಸೋದು ಕಲಿಯಿರಿ

ಫ್ರಾನ್ಸಿನಲ್ಲಿ ರಸ್ತೆಗೆ ಒಂದು ಅಕ್ಷರ, ಒಂದು ನಂಬರ್ ಇರುತ್ತದೆ. ಎ ಅಂದರೆ ಎಕ್ಸ್‌ಪ್ರೆಸ್ ಹೆದ್ದಾರಿ, ಅಲ್ಲಿ ಸೈಕಲ್ ಬಿಡಲ್ಲ. ಎನ್ ಅಂದರೆ ರಾಷ್ಟ್ರೀಯ ರಸ್ತೆ, ಲಾರಿಗಳ ದಾರಿ. ಡಿ ಅಂದರೆ ಜಿಲ್ಲಾ ರಸ್ತೆ, ನಮಗೆ ಬೇಕಾದ್ದು ಅದು. ಆದರೆ ಡಿ ಅಂತ ಕಂಡ ಕೂಡಲೇ ನಂಬಬೇಡಿ. ಹಳೆಯ ಎನ್ ರಸ್ತೆಗಳನ್ನು ಎಷ್ಟೋ ಕಡೆ ಜಿಲ್ಲೆಗಳಿಗೆ ಒಪ್ಪಿಸಿ ಡಿ ನಂಬರ್ ಕೊಟ್ಟಿದ್ದಾರೆ. ಕಾಯೋರ್ ಊರಿನ ಮೂಲಕ ಹೋಗುವ ಡಿ 820 ಹಿಂದೆ ಎನ್ 20 ಆಗಿತ್ತು. ಹೆಸರು ಬದಲಾಯಿತು, ಲಾರಿಗಳು ಹಾಗೇ ಇವೆ.

ಅದಕ್ಕೇ ನಾನು ಮಿಶೆಲಿನ್ ಕಾಗದದ ನಕ್ಷೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕೆಂಪು ಗೆರೆ ದೊಡ್ಡ ರಸ್ತೆ, ಹಳದಿ ಮಧ್ಯಮ, ಬಿಳಿ ಸಣ್ಣ ರಸ್ತೆ. ನಮ್ಮದು ಬಿಳಿ. ಅಂಚಿನಲ್ಲಿ ಹಸಿರು ಬಣ್ಣ ಬಳಿದಿದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ. ಆದರೆ ಆ ಹಸಿರು ಕಾರಿನವರಿಗೂ ಕಾಣುತ್ತದೆ! ಗೆರೆಯ ಮೇಲೆ ಬಾಣದ ತಲೆಯಂಥ ಗುರುತು ಇದ್ದರೆ ಕಡಿದಾದ ಏರು. ಒಂದು ಗುರುತಿಗೆ ಶೇ 5ರಿಂದ 9, ಎರಡಕ್ಕೆ 9ರಿಂದ 13, ಮೂರಕ್ಕೆ ಅದಕ್ಕಿಂತ ಜಾಸ್ತಿ. ಬ್ಯಾಗು ಕಟ್ಟಿಕೊಂಡು ಹೊರಟವರು ಮೂರು ಗುರುತಿನ ರಸ್ತೆಯನ್ನು ಬಿಟ್ಟುಬಿಡಿ.

ಇನ್ನು ಹೊತ್ತು. ಹಳ್ಳಿಗಾಡಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ಜನಪ್ರಿಯ ರಸ್ತೆಯೂ ಆಗ ಖಾಲಿ. ಎದುರಿಗೆ ಗದ್ದಲದ ಕಣಿವೆ ದಾಟೋದು ಇದ್ದರೆ ನಾನು ಹನ್ನೊಂದೂವರೆಗೇ ಬುತ್ತಿ ಮುಗಿಸಿ ಆ ಹೊತ್ತಿಗೆ ಹೊರಡುತ್ತೇನೆ. ತಿಂಗಳ ವಿಷಯಕ್ಕೆ ಬಂದರೆ, ಮೇ ಕೊನೆಯಿಂದ ಜೂನ್ ಕೊನೆ, ಆಮೇಲೆ ಸೆಪ್ಟೆಂಬರ್. ಜುಲೈ ಮಧ್ಯದಿಂದ ಆಗಸ್ಟ್ ಮೂರನೇ ವಾರದವರೆಗೆ ಫ್ರಾನ್ಸಿಗೆ ಫ್ರಾನ್ಸೇ ರಜೆ ಹಾಕಿ ರಸ್ತೆಗೆ ಇಳಿದಿರುತ್ತದೆ.

ಕೆರ್ಸಿ: ಮೊದಲ ಸಲ ಹೋಗುವವರಿಗೆ

ತುಲೂಸಿನಿಂದ ಉತ್ತರಕ್ಕೆ, ಲೋ ನದಿಯ ಸೀಮೆ. ಮೊದಲ ಸಲ ಬರುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಏರುಗಳು ಚಿಕ್ಕವು. ನದಿಯ ಮಟ್ಟದಿಂದ ಮೇಲಿನ ಬಯಲಿಗೆ ಹತ್ತಲು ಇನ್ನೂರು ಮೀಟರ್ ಆಸುಪಾಸು ಎತ್ತರ, ಮೂರು ನಾಲ್ಕು ಕಿಲೋಮೀಟರ್ ದೂರ. ನಂದಿ ಬೆಟ್ಟದ ಅರ್ಧ ಅಂದುಕೊಳ್ಳಿ. ಹತ್ತಿದ ಮೇಲೆ ಸುಣ್ಣಕಲ್ಲಿನ ಬಯಲು. ಅಲ್ಲಿಯ ಜನ ಅದನ್ನು 'ಕೋಸ್' ಅನ್ನುತ್ತಾರೆ. ಕುಳ್ಳ ಓಕ್ ಮರಗಳು, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಗೋಡೆಯಾಚೆ ಕುರಿಗಳು. ಈ ಕುರಿಗಳ ಮೈ ಬಿಳಿ, ಕಿವಿ ಮತ್ತು ಕಣ್ಣಿನ ಸುತ್ತ ಮಾತ್ರ ಕಪ್ಪು. ಕನ್ನಡಕ ಹಾಕಿಕೊಂಡು ನಮ್ಮನ್ನೇ ನೋಡಿದ ಹಾಗೆ ಇರುತ್ತದೆ.

ನನ್ನ ಇಷ್ಟದ ದಾರಿ ಸೆಲೆ ನದಿಯ ಪಕ್ಕದ ಡಿ 41. ಫಿಜಾಕ್ ಊರಿನಿಂದ ಹೊರಟು, ಸೆಲೆ ನದಿ ಲೋಗೆ ಸೇರುವವರೆಗೆ ಸುಮಾರು 50 ಕಿ.ಮೀ. ಒಂದು ಬದಿ ನೀರು, ಇನ್ನೊಂದು ಬದಿ ಬಂಡೆಗೋಡೆ. ಕೆಲವು ಮನೆಗಳ ಹಿಂಗೋಡೆಯೇ ಆ ಬಂಡೆ. ಎಸ್ಪಾನ್ಯಾಕ್‌ನಲ್ಲಿ ಹಳೆಯ ಸನ್ಯಾಸಿನಿಯರ ಮಠ, ಮಾರ್ಸಿಯಾಕ್‌ನಲ್ಲಿ ಅರ್ಧ ಕುಸಿದ ಇನ್ನೊಂದು ಮಠ. ಕಬ್ರರೆ ಹಳ್ಳಿಯ ಮೇಲೆ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಹದಿಹರೆಯದ ಹುಡುಗರು ಒಳಗೆ ತೆವಳಿಕೊಂಡು ಹೋಗಿ ಕಂಡುಹಿಡಿದದ್ದು. ಗೋಡೆಯ ಮೇಲೆ ಚುಕ್ಕೆ ಚುಕ್ಕೆ ಕುದುರೆಗಳು, ಪಕ್ಕದಲ್ಲಿ ಮನುಷ್ಯರ ಕೈ ಅಚ್ಚು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಟಿಕೆಟ್ ಮಾಡಿಸಿ. ಬೆವರಿದ ಮೈಯಲ್ಲಿ ಆ ತಂಪಿಗೆ ಇಳಿದು ಆ ಕುದುರೆಗಳ ಮುಂದೆ ನಿಂತ ಹತ್ತು ನಿಮಿಷ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಫಿಜಾಕ್‌ಗೆ ತುಲೂಸಿನಿಂದ ಟೆರ್ ಅನ್ನುವ ಪ್ರಾದೇಶಿಕ ರೈಲು ಇದೆ. ಕಾಯೋರ್ ಪ್ಯಾರಿಸ್–ತುಲೂಸ್ ಲೈನಿನ ಮೇಲೇ ಇದೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು, ಬಂದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ.

ಇಲ್ಲಿ ತೆರಬೇಕಾದ ಬೆಲೆ ಬಿಸಿಲು. ಸುಣ್ಣಕಲ್ಲು ನೀರು ಹಿಡಿದಿಟ್ಟುಕೊಳ್ಳಲ್ಲ, ಮಳೆ ಬಿದ್ದರೆ ನೇರ ಕೆಳಗೆ ಇಳಿದುಬಿಡುತ್ತದೆ. ಹಾಗಾಗಿ ಬಯಲಿನ ಮೇಲೆ ಹಳ್ಳ ಇಲ್ಲ, ಊಟೆ ಇಲ್ಲ. ಜುಲೈನಲ್ಲಿ 35 ಡಿಗ್ರಿ ದಾಟುವುದು ಸಾಮಾನ್ಯ. ಆಗ ನೆರವಿಗೆ ಬರೋದು ಊರ ಸ್ಮಶಾನ! ಫ್ರಾನ್ಸಿನ ಹಳ್ಳಿಗಳ ಸ್ಮಶಾನದಲ್ಲಿ ಹೂಗಿಡಕ್ಕೆ ನೀರು ಹಾಕಲು ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ. ಅಲ್ಲಿನ ಸೈಕಲ್ ಸವಾರರೆಲ್ಲ ಬಾಟಲಿ ತುಂಬಿಸಿಕೊಳ್ಳುವುದು ಅಲ್ಲೇ. 'ನೋಂ ಪೊತಾಬ್ಲ್' ಅನ್ನುವ ಫಲಕ ಇದ್ದರೆ ಮಾತ್ರ ಕುಡಿಯಬೇಡಿ.

ಸಾಂ ಸಿರ್ ಲಪೋಪಿ ಅನ್ನುವ ಬಂಡೆ ಮೇಲಿನ ಊರು ಇಲ್ಲೇ ಹತ್ತಿರ. ತುಂಬ ಚೆಂದ, ತುಂಬ ಜನ. ಬೆಳಿಗ್ಗೆ ಎಂಟಕ್ಕೆ ಹೋಗಿ ಹತ್ತಕ್ಕೆ ಹೊರಟುಬಿಡಿ.

ವೆರ್ಕೋರ್: ಎದೆ ಝಲ್ ಎನ್ನುವ ರಸ್ತೆ ಬೇಕಿದ್ದರೆ

ಗ್ರೆನೋಬಲ್ ನಗರದ ನೈಋತ್ಯಕ್ಕೆ ಕೋಟೆಯ ಹಾಗೆ ಎದ್ದು ನಿಂತ ಸುಣ್ಣಕಲ್ಲಿನ ಪ್ರಸ್ಥಭೂಮಿ ಇದು. ಒಳಗೆ ಹೋಗುವ ಎಷ್ಟೋ ರಸ್ತೆ ಬಂಡೆ ಕೊರೆದು ಮಾಡಿದ್ದು. ಅದರಲ್ಲಿ ಹೆಸರಾದದ್ದು ಕೋಂಬ್ ಲವಾಲ್. ಕಾಡಿನ ಮರ ಕೆಳಗೆ ಸಾಗಿಸಲು ತೆಗೆದ ರಸ್ತೆ, 1898ರಲ್ಲಿ ಮುಗಿಯಿತು. ಸಾಂ ಜಾಂ ಆಂ ರುವಾಯಾಂ ಊರಿನಿಂದ ಡಿ 76ರಲ್ಲಿ ಸುಮಾರು 12 ಕಿ.ಮೀ. ಹತ್ತಿದರೆ 1,011 ಮೀಟರ್ ಎತ್ತರದ ಕೋಲ್ ದ ಲಾ ಮಶಿನ್. ಕೋಲ್ ಅಂದರೆ ಬೆಟ್ಟ ದಾಟುವ ದಾರಿಯ ನೆತ್ತಿ. ಕೊನೆಯ ಭಾಗದಲ್ಲಿ ರಸ್ತೆ ಕಡಿದಾದ ಬಂಡೆಯ ಹೊಟ್ಟೆಯಲ್ಲಿ ಹೋಗುತ್ತದೆ. ಪಕ್ಕದಲ್ಲಿ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಪ್ರಪಾತ. ಎತ್ತರಕ್ಕೆ ಹೆದರುವವರು ಮೇಲಿಂದ ಕೆಳಗೆ ಬರಬೇಡಿ, ಕೆಳಗಿಂದ ಮೇಲೆ ಹೋಗಿ. ಫ್ರಾನ್ಸಿನಲ್ಲಿ ಬಲಗಡೆ ಚಲಿಸಬೇಕು, ಹತ್ತುವಾಗ ಬಂಡೆಯ ಕಡೆ ಇರುತ್ತೀರಿ.

ಇನ್ನೊಂದು ಬಾಗಿಲು ದಕ್ಷಿಣಕ್ಕಿದೆ, ದಿ ಅನ್ನುವ ಪುಟ್ಟ ಊರು. ವಾಲಾಂಸ್ ನಗರದಿಂದ ಗಾಪ್‌ಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಇಲ್ಲಿಂದ 1,254 ಮೀಟರಿನ ಕೋಲ್ ದ ರುಸೆಗೆ ಸುಮಾರು 20 ಕಿ.ಮೀ., ಸರಾಸರಿ ಶೇ 4 ಏರು. ಹೇರ್‌ಪಿನ್ ತಿರುವುಗಳಲ್ಲಿ ಲಯ ತಪ್ಪದೆ ತುಳಿಯಬಹುದು. ಮೊದಲ ದೊಡ್ಡ ಏರು ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಏರು ನನಗೆ ಗೊತ್ತಿಲ್ಲ. ತುದಿಯಲ್ಲಿ ಒಂದು ಸುರಂಗ. ಒಮ್ಮೆ ಉತ್ತರದ ಕಡೆಯಿಂದ ಬಂದಿದ್ದೆ. ಮಂಜು, ತುಂತುರು, ಕೈಬೆರಳು ಮರಗಟ್ಟಿದ್ದವು. ಸುರಂಗದೊಳಗೆ ಹೋಗಿ ಆಚೆ ಬಂದರೆ ಬಿಸಿಲು, ಒಣ ಹುಲ್ಲಿನ ವಾಸನೆ! ಉತ್ತರಕ್ಕೆ ಆಲ್ಪ್ಸ್‌ನ ಹವೆ, ದಕ್ಷಿಣಕ್ಕೆ ಮೆಡಿಟರೇನಿಯನ್ ಹವೆ, ನಡುವೆ ಆ ಸುರಂಗ. ಹಗಲಲ್ಲೂ ಹಿಂದೆ ಮುಂದೆ ದೀಪ ಇರಲಿ.

ಮೇಲಿನ ಬಯಲಲ್ಲಿ ವಾಸ್ಯೂ ಅನ್ನುವ ಹಳ್ಳಿ ಇದೆ. 1944ರ ಜುಲೈನಲ್ಲಿ ಜರ್ಮನ್ ಸೈನಿಕರು ಗ್ಲೈಡರ್‌ಗಳಲ್ಲಿ ಇಲ್ಲಿ ಇಳಿದು ಊರನ್ನೇ ನಾಶ ಮಾಡಿದರು. ಅಲ್ಲಿಯ ಸಮಾಧಿಗಳ ಮುಂದೆ ಸ್ವಲ್ಪ ಹೊತ್ತು ಸೈಕಲ್ ನಿಲ್ಲಿಸಿ.

ಬೆಲೆ? ರಸ್ತೆ ಯಾವಾಗ ಮುಚ್ಚುತ್ತದೋ ಹೇಳಕ್ಕಾಗಲ್ಲ. ಬಂಡೆ ಉರುಳುತ್ತದೆ, ರಿಪೇರಿ ನಡೆಯುತ್ತದೆ, ಚಳಿಗಾಲದಲ್ಲಿ ಹಿಮ. 'ರೂತ್ ಬಾರೆ', ಅಂದರೆ ರಸ್ತೆ ಮುಚ್ಚಿದೆ ಅಂತ ಫಲಕ ಕಂಡರೆ ಸುತ್ತಿ ಬರುವ ದಾರಿ 40 ಕಿ.ಮೀ. ಆಗಬಹುದು. ಹಿಂದಿನ ದಿನ ಜಿಲ್ಲೆಯ ರಸ್ತೆ ಮಾಹಿತಿ ನೋಡಿಯೇ ಹೊರಡಿ. ಭಾನುವಾರ ಮೋಟಾರ್ ಬೈಕಿನವರ ಹಾವಳಿ ಉಂಟು. ಬೂರ್ನ್ ಕಣಿವೆಯ ಡಿ 531 ನೋಡಲು ಅದ್ಭುತ, ಆದರೆ ಇಕ್ಕಟ್ಟು ಮತ್ತು ಕಾರು ಜಾಸ್ತಿ. ನಾನು ಅದನ್ನು ಬಿಟ್ಟು ಪ್ರೆಲ್ ಹಳ್ಳಿಯ ಕಡೆಯಿಂದ ಹೋಗುತ್ತೇನೆ. ಊಟಕ್ಕೆ ಚಿಂತೆ ಬೇಡ. ಚೀಸ್ ತುಂಬಿದ ಪುಟ್ಟ ಪುಟ್ಟ ರಾವಿಯೋಲ್ ಇಲ್ಲಿಯ ತಿಂಡಿ, ಮಾಂಸ ಇಲ್ಲ.

ಸೆವೆನ್: ನನ್ನ ಮನಸ್ಸು ನಿಂತ ಜಾಗ

ಇಲ್ಲಿ ನಾನು ಪಕ್ಷಪಾತಿಯೇ. ನಾನು ಶಿಡ್ಲಘಟ್ಟದವನು. ಸಾಂ ಜಾಂ ದ್ಯು ಗಾರ್ ಊರಿನಿಂದ ಹೊರಟ ಮೊದಲ ಬೆಳಿಗ್ಗೆ ರಸ್ತೆ ಪಕ್ಕ ಒಂದು ಮರ ಕಂಡು ಬ್ರೇಕ್ ಹಾಕಿದೆ. ಎಲೆ ಕಿತ್ತು ಕೈಯಲ್ಲಿ ಉಜ್ಜಿದೆ. ಹಿಪ್ಪುನೇರಳೆ. ಮನೆಯ ಹಿಂದೆ ಸೊಪ್ಪು ಕತ್ತರಿಸುತ್ತಿದ್ದ ಅಮ್ಮನ ನೆನಪಾಯಿತು.

ದಕ್ಷಿಣ ಫ್ರಾನ್ಸಿನ ಸೆವೆನ್ ಒಂದು ಕಾಲದ ರೇಷ್ಮೆ ಸೀಮೆ. ಹಳೆಯ ತೋಟದ ಮನೆಗಳು ಎತ್ತರಕ್ಕಿವೆ, ಮೂರು ಮಹಡಿ. ಮೇಲಿನ ಮಹಡಿ ಹುಳು ಸಾಕಲು. ಬಿಸಿ ಆರದ ಹಾಗೆ ಮೂಲೆಗಳಲ್ಲಿ ಒಲೆ, ಚಾವಣಿ ಮೇಲೆ ಸಣ್ಣ ಸಣ್ಣ ಚಿಮಣಿ. 19ನೇ ಶತಮಾನದ ನಡುವೆ ಪೆಬ್ರಿನ್ ರೋಗ ಬಂದು ಹುಳುಗಳೆಲ್ಲ ಸಾಯತೊಡಗಿದಾಗ, 1865ರಲ್ಲಿ ಲೂಯಿ ಪಾಶ್ಚರ್ ಹತ್ತಿರದ ಆಲೆಸ್ ಊರಿಗೆ ಬಂದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು, ರೋಗ ಕಂಡರೆ ಆ ಮೊಟ್ಟೆಗಳನ್ನು ಎಸೆಯುವುದು, ಇದು ಅವರು ಹೇಳಿಕೊಟ್ಟ ದಾರಿ. ನಮ್ಮ ಕಡೆಯ ಬಿತ್ತನೆ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ಮಾಡೋದು ಅದನ್ನೇ. ಸಾಂ ಜಾಂನ ನೂಲು ತೆಗೆಯುವ ಕಾರ್ಖಾನೆ 1965ರಲ್ಲಿ ಮುಚ್ಚಿತು, ಈಗ ಅದು ಮ್ಯೂಸಿಯಂ.

ರಸ್ತೆಗೆ ಬರೋಣ. ಸಾಂ ಜಾಂನಿಂದ ಫ್ಲೋರಾಕ್‌ಗೆ ಹೋಗುವ ಕೋರ್ನಿಶ್ ದಾರಿ ಸುಮಾರು 50 ಕಿ.ಮೀ. ಮೊದಲು ಚೆಸ್ಟ್‌ನಟ್ ಕಾಡಿನಲ್ಲಿ ಏರು, ಆಮೇಲೆ ಬೆಟ್ಟದ ನೆತ್ತಿಯ ಮೇಲೇ ಪಯಣ, ಎರಡೂ ಕಡೆ ಕಣಿವೆ. 18ನೇ ಶತಮಾನದ ಆರಂಭದಲ್ಲಿ ಪ್ರಾಟೆಸ್ಟಂಟ್ ಬಂಡಾಯಗಾರರನ್ನು ಹತ್ತಿಕ್ಕಲು ರಾಜನ ಸೈನ್ಯ ಓಡಾಡಿದ ದಾರಿ ಇದು. ದೊಡ್ಡ ಸವಾಲು ಬೇಕಿದ್ದರೆ 1,565 ಮೀಟರಿನ ಎಗ್ವಾಲ್ ಬೆಟ್ಟ. ಲ ವಿಗಾಂ ಊರಿನಿಂದ ಕೋಲ್ ದ್ಯು ಮಿನಿಯೇ ಮೂಲಕ 35 ಕಿ.ಮೀ.ಗೂ ಜಾಸ್ತಿ ಏರು. ಎಲ್ಲೂ ತೀರಾ ಕಡಿದಲ್ಲ, ಆದರೆ ಮುಗಿಯುವುದೇ ಇಲ್ಲ. ನಾನು ಹತ್ತಿದ ಒಂದು ಜೂನ್ ಮಂಗಳವಾರ, ಮೂರು ಗಂಟೆಯಲ್ಲಿ ಎಣಿಸಿದ ಕಾರು ಹನ್ನೊಂದು. ತುದಿಯಲ್ಲಿ 1894ರಲ್ಲಿ ಉದ್ಘಾಟನೆಯಾದ ಹವಾಮಾನ ವೀಕ್ಷಣಾಲಯ, ಕಲ್ಲಿನ ಕೋಟೆಯ ಹಾಗೆ. ಅಲ್ಲಿ ಗಾಳಿಗೆ ಸೈಕಲ್ ಒರಗಿಸಿ ನಿಲ್ಲಿಸಲು ಆಗಲಿಲ್ಲ. ಮಲಗಿಸಿದೆ.

ಇಲ್ಲಿ ತೆರುವ ಬೆಲೆ ಹಸಿವು. ಒಂದು ಸೋಮವಾರ ನಕ್ಷೆಯಲ್ಲಿ ಎರಡು ಹಳ್ಳಿ ನೋಡಿಕೊಂಡು ಧೈರ್ಯವಾಗಿ ಹೊರಟಿದ್ದೆ. ಮೊದಲನೆಯದರಲ್ಲಿ ಬೇಕರಿಗೆ ವಾರದ ರಜೆ. ಎರಡನೆಯದರಲ್ಲಿ ಅಂಗಡಿಯೇ ಇಲ್ಲ. ಜೇಬಿನಲ್ಲಿ ಒಂದು ಬಾಳೆಹಣ್ಣು, ಮುಂದೆ ಆರುನೂರು ಮೀಟರ್ ಏರು. ಊಟೆಯ ಪಕ್ಕ ಕೂತಿದ್ದವನನ್ನು ಒಬ್ಬ ಅಜ್ಜಿ ನೋಡಿ ಮನೆಗೆ ಕರೆದರು. ಬ್ರೆಡ್ಡು, ಪೆಲಾರ್ದೋಂ ಅನ್ನುವ ಮೇಕೆ ಹಾಲಿನ ಚೀಸ್, ಹೆಚ್ಚಿದ ಸಿಹಿ ಈರುಳ್ಳಿ ಇಟ್ಟರು. ನಮ್ಮ ಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದೆವು ಅಂದದ್ದೇ ತಡ, ಕೈ ಹಿಡಿದು ಅಟ್ಟಕ್ಕೆ ಕರೆದುಕೊಂಡು ಹೋದರು. ಮರದ ಹಲಗೆಯ ತಟ್ಟೆಗಳು ಒಂದರ ಮೇಲೊಂದು ಹಾಗೇ ಇದ್ದವು. ಹುಳು ಸೊಪ್ಪು ತಿನ್ನುವಾಗ ಮಳೆ ಬಿದ್ದ ಹಾಗೆ ಸದ್ದು ಬರುತ್ತಿತ್ತು ಅಂದರು. ನಮ್ಮಮ್ಮನೂ ಅದೇ ಮಾತು ಹೇಳುತ್ತಿದ್ದರು.

ಎಲ್ಲ ದಿನವೂ ಅಂಥ ಅಜ್ಜಿ ಸಿಗಲ್ಲ. ಒಂದು ಹೊತ್ತಿನ ಊಟ ಯಾವಾಗಲೂ ಬ್ಯಾಗಿನಲ್ಲಿರಲಿ. ಇನ್ನೊಂದು ಎಚ್ಚರ: ಸೆಪ್ಟೆಂಬರ್ ಕೊನೆಯಿಂದ ಇಲ್ಲಿ ಕೆಲವು ಗಂಟೆಯಲ್ಲೇ ಹಳ್ಳ ಉಕ್ಕಿಸುವಂಥ ಮಳೆ ಬರುತ್ತದೆ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಸೈಕಲ್ ಹೊರಗೆ ತೆಗೆಯಲೇಬೇಡಿ. ಆಗಸ್ಟಿನಲ್ಲಿ ಪಕ್ಕದ ತಾರ್ನ್ ಕಣಿವೆ ಜಾತ್ರೆ, ಅದನ್ನು ಬಿಟ್ಟು ಜೋಂತ್ ಕಣಿವೆಗೆ ಹೋಗಿ. 1981ರಲ್ಲಿ ಅಲ್ಲಿ ಮತ್ತೆ ತಂದು ಬಿಟ್ಟ ರಣಹದ್ದುಗಳ ಸಂತತಿ ಈಗ ತಲೆಯ ಮೇಲೇ ತೇಲುತ್ತಿರುತ್ತದೆ.

ಮೋರ್ವಾಂ: ಪ್ಯಾರಿಸ್ಸಿನಿಂದ ಮೂರು ದಿನ

ಪ್ಯಾರಿಸ್ಸಿಗೆ ಕೆಲಸದ ಮೇಲೆ ಬಂದು ವಾರಾಂತ್ಯ ಮಾತ್ರ ಸಿಗುವವರಿಗೆ ಇದು ಸರಿ. ಬೆರ್ಸಿ ಸ್ಟೇಷನ್ನಿನಿಂದ ಅವಲೋಂಗೆ ರೈಲು. ವೆಜಲೇ ಚರ್ಚ್ ನೋಡಿ ದಕ್ಷಿಣಕ್ಕೆ ತಿರುಗಿದರೆ ಗ್ರಾನೈಟ್ ಗುಡ್ಡ, ದಟ್ಟ ಕಾಡು, ಬಿಳಿ ಶರೋಲೆ ದನಗಳು. ಅತಿ ಎತ್ತರದ ಓ ಫೋಲಾಂ ಕೇವಲ 901 ಮೀಟರ್. ಸುಲಭ ಅಂದುಕೊಳ್ಳಬೇಡಿ. ಒಂದು ಕಿಲೋಮೀಟರ್ ಏರು, ಒಂದು ಕಿಲೋಮೀಟರ್ ಇಳಿಜಾರು, ದಿನವಿಡೀ ಅದೇ. ಸಂಜೆ ಲೆಕ್ಕ ಹಾಕಿದರೆ ಹತ್ತಿದ್ದು ಸಾವಿರ ಮೀಟರ್ ದಾಟಿರುತ್ತದೆ. ಸೆತ್ತೋಂ ಕೆರೆಯ ದಂಡೆಯಲ್ಲಿ ಉಳಿದುಕೊಳ್ಳಿ. ಪ್ಯಾರಿಸ್ಸಿನ ಒಲೆಗಳಿಗೆ ಸೌದೆಯನ್ನು ನದಿಯಲ್ಲಿ ತೇಲಿಬಿಡಲು ಕಟ್ಟಿದ ಕೆರೆ ಅದು.

ಇಲ್ಲಿ ಕಾರು ಕಡಿಮೆ, ಆದರೆ ವಾರದ ದಿನ ಮರದ ದಿಮ್ಮಿ ಹೊತ್ತ ಲಾರಿ ಬರುತ್ತವೆ. ಮಳೆ ಯಾವ ತಿಂಗಳಲ್ಲೂ ಬರಬಹುದು. ಸಸ್ಯಾಹಾರಿಗಳಿಗೆ ನಾಲ್ಕರಲ್ಲಿ ಇದೇ ಕಷ್ಟದ ಜಾಗ.

ಈ ನಾಲ್ಕೂ ಬೇಡ ಅಂದರೆ

ವಾಂಟೂ ನೋಡಲೇಬೇಕು ಅನ್ನೋರು ಬೆದ್ವಾಂ ಊರಿನ ಕಡೆಯಿಂದ ಹತ್ತಬೇಡಿ. ಹಿಂದಿನ ದಿನ ನೆಸ್ಕ್ ಕಣಿವೆಯ ಡಿ 942ರಲ್ಲಿ ಮೆಲ್ಲಗೆ ಸೋ ಊರಿಗೆ ಹೋಗಿ, ಮಾರನೇ ಬೆಳಿಗ್ಗೆ ಅಲ್ಲಿಂದ ಹತ್ತಿ. ದೂರ ಜಾಸ್ತಿ, ಕಷ್ಟ ಕಡಿಮೆ. ಮಕ್ಕಳು ಜೊತೆಗಿದ್ದರೆ ಆರ್ದೆಶ್‌ನ ದೋಲ್ಚೆ ವಿಯಾ ನೋಡಿ. ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ಸೈಕಲ್ ದಾರಿ, ಬೆಟ್ಟದ ನಡುವೆಯೂ ಏರು ತುಂಬ ಮೆದು. ಕಾಂತಾಲ್‌ನ 1,588 ಮೀಟರಿನ ಪಾ ದ ಪೆರೋಲ್ ಕಾಲು ಗಟ್ಟಿ ಇರುವವರಿಗೆ ಮಾತ್ರ, ಕೊನೆಯ ಎರಡು ಕಿಲೋಮೀಟರ್ ಉಸಿರು ತೆಗೆಯುತ್ತದೆ.

ಹೊರಡುವ ಮುಂಚೆ

ಅಲ್ಲಿ ಬಾಡಿಗೆಗೆ ಸೈಕಲ್ ತೆಗೆದುಕೊಂಡರೆ ಮೊದಲು ಬ್ರೇಕ್ ನೋಡಿ. ನಮ್ಮಲ್ಲಿ ಬಲಗೈ ಹಿಡಿದರೆ ಮುಂದಿನ ಚಕ್ರ, ಅಲ್ಲಿ ಎಡಗೈ ಹಿಡಿದರೆ ಮುಂದಿನ ಚಕ್ರ. ಮೊದಲ ದಿನ ಇಳಿಜಾರಿನಲ್ಲಿ ನಾನು ಅಭ್ಯಾಸದಂತೆ ಎಡಗೈ ಗಟ್ಟಿಯಾಗಿ ಹಿಡಿದೆ. ಹಿಂದಿನ ಚಕ್ರ ಮೇಲೆದ್ದಿತು. ಬೀಳದೆ ಉಳಿದದ್ದು ಅದೃಷ್ಟ. ಅಂಗಡಿಯಲ್ಲಿ ಕೇಳಿದರೆ ಕೇಬಲ್ ಬದಲಿಸಿ ಕೊಡುವವರೂ ಇದ್ದಾರೆ. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಅರ್ಧ ಗಂಟೆ ಓಡಿಸಿ ಕೈಗೆ ರೂಢಿ ಮಾಡಿಸಿ.

'ಗ್ರಾವಿಯೋಂ' ಅನ್ನುವ ಫಲಕ ಕಂಡರೆ ತಕ್ಷಣ ನಿಧಾನ ಮಾಡಿ. ಹೊಸದಾಗಿ ಟಾರ್ ಬಳಿದು ಮೇಲೆ ಜಲ್ಲಿಪುಡಿ ಉದುರಿಸಿರುತ್ತಾರೆ, ತಿರುವಿನಲ್ಲಿ ಚಕ್ರ ಜಾರುತ್ತದೆ. ಸಣ್ಣ ರಸ್ತೆಗಳಲ್ಲೇ ಇದು ಜಾಸ್ತಿ. ಊರೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಊರಾಚೆ ಕಾರು ನಿಮ್ಮನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನು ಇದೆ, ಬಹಳ ಜನ ಬಿಡುತ್ತಾರೆ ಕೂಡ.

ಉಳಿಯಲು ಹಳ್ಳಿಯ ಮನೆಗಳಲ್ಲಿ ರೂಮ್ ಸಿಗುತ್ತದೆ. ರಾತ್ರಿ ಊಟ ಮನೆಯವರ ಜೊತೆ ಒಂದೇ ಮೇಜಿನಲ್ಲಿ. ಸಸ್ಯಾಹಾರಿ ಅಂತ ಹೇಳಿದರೆ ಕೆಲವರು ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಬುಕ್ ಮಾಡುವಾಗಲೇ 'ನಿ ವಿಯಾಂದ್, ನಿ ಪುವಾಸೋಂ, ನಿ ಲಾರ್ದೋಂ' ಅಂತ ಬಿಡಿಸಿ ಹೇಳಿ. ಮಾಂಸ ಬೇಡ, ಮೀನು ಬೇಡ, ಹಂದಿ ಮಾಂಸದ ಚೂರೂ ಬೇಡ ಅಂತ ಅರ್ಥ. ಒಂದು ದಿನ ಮುಂಚೆ ಗೊತ್ತಾದರೆ ಆಲೂಗಡ್ಡೆ, ಚೀಸ್, ಮೊಟ್ಟೆ, ತೋಟದ ಸೊಪ್ಪು ಹಾಕಿ ಪ್ರೀತಿಯಿಂದಲೇ ಅಡುಗೆ ಮಾಡುತ್ತಾರೆ.